ಹಿತ್ತಲ ಕೆರೆಯ ಚಳಿಗಾಲ

ಯಾರಾದರೂ ಊರು ಕೇಳಿದರೆ ನಾವು ಮೊದಲು "ಮಾವಳ್ಳಿ" ಅನ್ನುತ್ತೇವೆ. ಕೇಳಿದವರಿಗೆ ಏನೂ ಹೊಳೆಯುವುದಿಲ್ಲ. "ಮುರ್ಡೇಶ್ವರ" ಅಂದ ಕೂಡಲೇ "ಓ, ಆ ದೊಡ್ಡ ಶಿವ!" ಅಂತಾರೆ. ಹೌದು, ಅದೇ. 123 ಅಡಿ ಎತ್ತರದ ಶಿವ, 20 ಅಂತಸ್ತಿನ ಗೋಪುರ, ಮೂರು ಕಡೆ ಸಮುದ್ರ, ರಜೆ ಬಂತೆಂದರೆ ಸಾಲುಗಟ್ಟಿ ನಿಲ್ಲುವ ಬಸ್ಸುಗಳು. ಆದರೆ ಈ ಬರಹ ಅದರ ಬಗ್ಗೆ ಅಲ್ಲ. ನಮ್ಮ ಮನೆ ಹಿಂದೆ ಇರುವ, ಯಾವ ಪ್ರವಾಸಿಯೂ ಬಂದು ಸೆಲ್ಫಿ ತೆಗೆಯದ ಒಂದು ಸಣ್ಣ ಕೆರೆಯ ಬಗ್ಗೆ.

ನಾವು ಅಂದರೆ ಮನೆಯ ಮೂರು ಮಕ್ಕಳು. ಒಬ್ಬರು ಎಂಜಿನಿಯರಿಂಗ್ ಎರಡನೇ ವರ್ಷ, ಒಬ್ಬಳು ಪಿಯುಸಿ, ಒಬ್ಬ ಇನ್ನೂ ಹೈಸ್ಕೂಲು. ಕೆರೆಯ ವಿಷಯದಲ್ಲಿ ಮಾಡಿದ್ದೆಲ್ಲ ಮೂವರೂ ಸೇರಿಯೇ ಮಾಡಿದ್ದು. ತಪ್ಪು ಮಾಡಿದ್ದು ಕೂಡ. ಹಾಗಾಗಿ ಇಲ್ಲಿ "ನಾವು" ಅಂತಲೇ ಬರೆಯುವುದು ನ್ಯಾಯ.

ಕೆರೆ ಅಂದ ಕೂಡಲೇ ದೊಡ್ಡದೇನೋ ಅಂದುಕೊಳ್ಳಬೇಡಿ. ಉದ್ದ 40 ಅಡಿ, ಅಗಲ 30 ಅಡಿ. ಮಳೆಗಾಲ ಮುಗಿದಾಗ ನೀರು ಹೆಚ್ಚುಕಮ್ಮಿ ಎಂಟು ಅಡಿ. ಮೂರು ಬದಿಗೆ ಚಿರೇಕಲ್ಲಿನ ಗೋಡೆ, ಒಂದು ಬದಿಗೆ ಇಳಿಯಲು ಒಂಬತ್ತು ಮೆಟ್ಟಿಲು. ಸುತ್ತ ತೆಂಗು, ಸ್ವಲ್ಪ ಅಡಿಕೆ, ಒಂದು ಹಲಸು, ಒಂದು ಮಾವು. ಮನೆಯ ಕುಡಿಯುವ ನೀರಿನ ಬಾವಿ ಕೆರೆಯಿಂದ ಹದಿನೈದು ಹೆಜ್ಜೆ ದೂರ. ಕೆರೆಯಲ್ಲಿ ನೈದಿಲೆ ಇದೆ, ಅಜ್ಜ ಬಿಟ್ಟ ಕಾಟ್ಲಾ, ರೋಹು ಮೀನುಗಳಿವೆ, ಸೊಳ್ಳೆ ಮರಿ ತಿನ್ನಲಿ ಅಂತ ಬಿಟ್ಟ ಗಪ್ಪಿಗಳಿವೆ. ಬೆಳಿಗ್ಗೆ ಮಿಂಚುಳ್ಳಿ ಬರುತ್ತದೆ. ಇಷ್ಟೇ.

ಕರಾವಳಿಯಲ್ಲಿ ಮಳೆಗಾಲದ ಕೆರೆಯನ್ನು ಯಾರೂ ನೋಡಿಕೊಳ್ಳಬೇಕಾಗಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ ಸುರಿಯುವ ಊರು ನಮ್ಮದು. ಆ ನಾಲ್ಕು ತಿಂಗಳು ಕೆರೆ ತನ್ನಷ್ಟಕ್ಕೆ ತುಂಬುತ್ತದೆ, ಕೋಡಿ ಹರಿಯುತ್ತದೆ. ಕೆಲಸ ಶುರುವಾಗುವುದು ಮಳೆ ನಿಂತ ಮೇಲೆ, ಇಬ್ಬನಿ ಬೀಳತೊಡಗಿದ ಮೇಲೆ. ಅಜ್ಜ ಇದ್ದಾಗ ಈ ಕೆಲಸ ಅವರೊಬ್ಬರದ್ದೇ. ನಾವು ಮೆಟ್ಟಿಲ ಮೇಲೆ ಕೂತು ನೋಡಿದ್ದು ಬಿಟ್ಟರೆ ಬೇರೇನೂ ಮಾಡಿದವರಲ್ಲ.

ಅವರ ಮೊದಲ ಕೆಲಸ ಕೋಡಿ ಕಟ್ಟುವುದು. ಹೆಚ್ಚಾದ ನೀರು ಹೊರಗೆ ಹರಿಯುವ ಆ ಬಾಯಿಗೆ ಚಿರೇಕಲ್ಲು ಇಟ್ಟು, ಸಂದಿಗೆ ಜಿಗುಟು ಮಣ್ಣು ಮೆತ್ತಿ, ಮೇಲೆ ತೆಂಗಿನ ಮಡ್ಲು ಹಾಸಿ ತುಳಿಯುತ್ತಿದ್ದರು. ಯಾವಾಗ ಕಟ್ಟಬೇಕು ಅನ್ನುವುದೇ ಇದರಲ್ಲಿ ಮುಖ್ಯ. ತಡವಾದರೆ ತುಂಬಿದ ನೀರು ಸುಮ್ಮನೆ ಹರಿದು ಸಮುದ್ರ ಸೇರುತ್ತದೆ. ಬೇಗ ಕಟ್ಟಿದರೆ ಕೊನೆಯ ಮಳೆಗೆ ದಂಡೆಯೇ ಒಡೆಯಬಹುದು. "ತುಳಸಿ ಮದುವೆ ಆಗೋವರೆಗೆ ಕೋಡಿ ಮುಟ್ಟಬೇಡಿ" ಅನ್ನುವುದು ಅವರ ನಿಯಮ. 2019ರ ದೀಪಾವಳಿ ಹೊತ್ತಿಗೆ ಅರಬ್ಬಿ ಸಮುದ್ರದಲ್ಲಿ ಕ್ಯಾರ್ ಚಂಡಮಾರುತ ಎದ್ದು ನಮ್ಮ ಕರಾವಳಿಯಲ್ಲೂ ಜೋರು ಮಳೆ ಸುರಿಯಿತು. ಅವಸರದಲ್ಲಿ ಕೋಡಿ ಕಟ್ಟಿದ್ದ ಪಕ್ಕದ ತೋಟದವರ ದಂಡೆ ಕುಸಿದು ಅರ್ಧ ನೀರು ಗದ್ದೆಗೆ ಹೋಯಿತು. ನಮ್ಮದು ಉಳಿಯಿತು. ಅಜ್ಜ ಅವತ್ತು ಏನೂ ಹೇಳಲಿಲ್ಲ, ಜಗಲಿಯಲ್ಲಿ ಕೂತು ಎರಡು ಸಲ ಚಾ ಕುಡಿದರು ಅಷ್ಟೇ.

ಎರಡನೆಯ ಕೆಲಸ ಎಲೆ ತೆಗೆಯುವುದು. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಘಟ್ಟದ ಕಡೆಯಿಂದ ಒಣ ಗಾಳಿ ಬೀಸುತ್ತದೆ. ಹಲಸಿನ ಎಲೆ, ಮಾವಿನ ಎಲೆ ಎಲ್ಲ ಕೆರೆಗೆ ಬೀಳುತ್ತವೆ. ಅಜ್ಜ ದೋಟಿಯ ತುದಿಗೆ ಹಳೆಯ ಮೀನುಬಲೆಯ ತುಂಡು ಕಟ್ಟಿಕೊಂಡು ದಿನಾ ಬೆಳಿಗ್ಗೆ ಕಾಲು ಗಂಟೆ ಎಲೆ ಎಳೆಯುತ್ತಿದ್ದರು. ಮೂರನೆಯ ಕೆಲಸ ಹೂಳು ತೆಗೆಯುವುದು. ಅದನ್ನು ಒಂದು ವರ್ಷ ಒಂದು ಮೂಲೆಯಲ್ಲಿ ಮಾತ್ರ ತೆಗೆಯುತ್ತಿದ್ದರು. ನಾಲ್ಕು ಮೂಲೆ, ನಾಲ್ಕು ವರ್ಷ. ತೆಗೆದದ್ದನ್ನು ಹೆಡಿಗೆಯಲ್ಲಿ ಹೊತ್ತು ತೆಂಗಿನ ಬುಡಕ್ಕೆ ಹಾಕಿ, ಕೊನೆಗೆ ಒಂದಿಷ್ಟು ಚಿಪ್ಪಿನ ಸುಣ್ಣ ಕೆರೆಗೆ ಎರಚುತ್ತಿದ್ದರು. ಇಡೀ ಕೆರೆ ಒಂದೇ ಸಲ ಯಾಕೆ ತೆಗೆಯೋದಿಲ್ಲ ಅಂತ ನಾವು ಒಮ್ಮೆ ಕೇಳಿದ್ದೆವು. "ನಂಗೆ ವಯಸ್ಸಾಯ್ತು ಮಾರಾಯ್ರೆ" ಅಂದಿದ್ದರು. ನಾವು ಅದನ್ನೇ ನಿಜವಾದ ಕಾರಣ ಅಂತ ನಂಬಿದ್ದೆವು.

ಅಜ್ಜ ತೀರಿಕೊಂಡ ವರ್ಷ ಕೆರೆಯನ್ನು ಯಾರೂ ಮುಟ್ಟಲಿಲ್ಲ. ಎಲೆ ಬಿತ್ತು, ಕೊಳೆಯಿತು, ತಳಕ್ಕೆ ಹೋಯಿತು. ಅಪ್ಪನಿಗೆ ಅಂಗಡಿ ಕೆಲಸ, ನಮಗೆ ಪರೀಕ್ಷೆ. ಅದರ ಮುಂದಿನ ವರ್ಷ, ಅಂದರೆ ನಮ್ಮಲ್ಲೊಬ್ಬರು ಕಾಲೇಜು ಸೇರಿದ ಮೊದಲ ಡಿಸೆಂಬರಿನಲ್ಲಿ, ಇಂಟರ್ನಲ್ಸ್ ಮುಗಿದು ನಾಲ್ಕು ದಿನ ರಜೆ ಸಿಕ್ಕಿತು. "ಈ ಸಲ ಕೆರೆ ಕ್ಲೀನ್ ಮಾಡಿಯೇ ಬಿಡೋಣ" ಅಂತ ಮೂವರೂ ತೀರ್ಮಾನ ಮಾಡಿದೆವು.

ಅಜ್ಜಿಯನ್ನು ಕೇಳಬಹುದಿತ್ತು. ನಾವು ಯೂಟ್ಯೂಬ್ ಕೇಳಿದೆವು. ಚಳಿಗಾಲದಲ್ಲಿ ಹಿತ್ತಲ ಕೊಳ ನೋಡಿಕೊಳ್ಳುವುದು ಹೇಗೆ ಅನ್ನುವ ವಿಡಿಯೋಗಳಿಗೆ ಲೆಕ್ಕವೇ ಇಲ್ಲ. ಎಲ್ಲವೂ ಹಿಮ ಬೀಳುವ ದೇಶದವು. ಕೊಳದ ಮೇಲೆ ಬಲೆ ಹಾಸಿ, ಜಲಸಸ್ಯಗಳನ್ನು ಬುಡದವರೆಗೆ ಕತ್ತರಿಸಿ, ತಳದ ಕೆಸರೆಲ್ಲ ಪಂಪಿನಿಂದ ತೆಗೆಯಿರಿ, ನೀರು 10 ಡಿಗ್ರಿಗಿಂತ ತಣ್ಣಗಾದರೆ ಮೀನಿಗೆ ತಿಂಡಿ ನಿಲ್ಲಿಸಿ, ಮೇಲೆ ಮಂಜುಗಡ್ಡೆ ಕಟ್ಟಿದರೆ ಗಾಳಿಯಾಡಲು ಒಂದು ತೂತು ಉಳಿಸಿ, ಅಂತೆಲ್ಲ ಹೇಳಿದ್ದರು. ಮಂಜುಗಡ್ಡೆಯ ಮಾತಿಗೆ ನಾವು ನಕ್ಕೆವು. ನಮ್ಮೂರಲ್ಲಿ ಜನವರಿಯ ಬೆಳಗಿನ ಜಾವ 20 ಡಿಗ್ರಿ ಆಸುಪಾಸು ಬಂದರೆ ಅಜ್ಜಿ ಮಫ್ಲರ್ ಸುತ್ತಿಕೊಳ್ಳುತ್ತಾರೆ. ಆದರೆ ಉಳಿದ ಸಲಹೆ ಸರಿ ಕಂಡಿತು. ಕೆಸರು ತೆಗೆಯುವುದು ಎಲ್ಲಾ ದೇಶದಲ್ಲೂ ಒಂದೇ ತಾನೇ?

ಮೊದಲ ದಿನ ನೈದಿಲೆಯನ್ನು ಪೂರ್ತಿ ಕಿತ್ತೆವು. ಎರಡನೇ ದಿನ ಕೆರೆಗಿಳಿದು ಸಲಿಕೆ, ಬಕೆಟು, ಬಾಡಿಗೆಗೆ ತಂದ ಕೆಸರು ಪಂಪು ಎಲ್ಲ ಹಿಡಿದು ತಳವನ್ನು ಒಂದೇ ಸಮನೆ ಕಲಕಿದೆವು. ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ. ಸಂಜೆ ಹೊತ್ತಿಗೆ ಅರ್ಧದಷ್ಟು ಕೆಸರು ಹೊರಗೆ ಬಂದಿತ್ತು, ಉಳಿದದ್ದು ನೀರಲ್ಲಿ ಕದಡಿ ಇಡೀ ಕೆರೆ ಕಾಫಿ ಬಣ್ಣ. "ಬೆಳಿಗ್ಗೆ ಹೊತ್ತಿಗೆ ತಿಳಿಯಾಗತ್ತೆ" ಅಂತ ಮೈಕೈ ತೊಳೆದು, ಸ್ಟೇಟಸ್‌ಗೆ ಫೋಟೋ ಹಾಕಿ ಮಲಗಿದೆವು. ಅಜ್ಜಿ ಹಿತ್ತಲ ಬಾಗಿಲಲ್ಲಿ ನಿಂತು ನೋಡಿ, "ಇಷ್ಟೆಲ್ಲ ಒಂದೇ ದಿನಕ್ಕೆ ಎಂತಕ್ಕೆ?" ಅಂತ ಒಂದೇ ಮಾತು ಹೇಳಿದ್ದರು.

ಬೆಳಿಗ್ಗೆ ಆರು ಗಂಟೆಗೆ ಅಜ್ಜಿಯೇ ಎಬ್ಬಿಸಿದರು. ಮೀನುಗಳೆಲ್ಲ ನೀರಿನ ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಕೆಲವು ಆಗಲೇ ಮಗುಚಿದ್ದವು. ಬಾವಿಯಿಂದ ಕೊಡಗಟ್ಟಲೆ ನೀರು ಎತ್ತಿ ಮೇಲಿನಿಂದ ಸುರಿದೆವು. ಪಂಪಿನ ಪೈಪು ಮೇಲಕ್ಕೆ ಹಿಡಿದು ಕೆರೆಯ ನೀರನ್ನೇ ಕಾರಂಜಿ ಥರ ಮತ್ತೆ ಕೆರೆಗೆ ಬಿಟ್ಟೆವು. ಬಿಸಿಲೇರುವ ಹೊತ್ತಿಗೆ ಎಣಿಸಿದರೆ ಸತ್ತ ದೊಡ್ಡ ಮೀನು 41. ಅಜ್ಜ ಬೆರಳುದ್ದದ ಮರಿಗಳನ್ನು ತಂದು ಬಿಟ್ಟಿದ್ದು, ಮೊಳದುದ್ದ ಆಗಿದ್ದವು. ತಮ್ಮ ಅಳುತ್ತಾ ಹೊಂಡ ತೋಡಿದ. "ಅಡಿ ನೀರು ಮೇಲೆ ಬಂತು ಮಕ್ಕಳೇ" ಅಂದರು ಅಜ್ಜಿ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅಡಿ ನೀರು ಮೇಲೆ ಬಂತು ಅನ್ನುವ ಆ ಮಾತು ನಮ್ಮ ತಲೆಯಲ್ಲಿ ಕೂತುಬಿಟ್ಟಿತು. ನಾವು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಮ್. ನೀರಿನಲ್ಲಿ ಕರಗಿದ ಆಮ್ಲಜನಕದ ಬಗ್ಗೆ ಇಂಗ್ಲಿಷಿನಲ್ಲಿ ಐದು ಮಾರ್ಕಿನ ಉತ್ತರ ಬರೆದಿದ್ದೇವೆ. ಅದು ನಮ್ಮ ಹಿತ್ತಲಲ್ಲೂ ಇದೆ ಅನ್ನುವುದು ಹೊಳೆದಿರಲಿಲ್ಲ. ಕಾಲೇಜಿಗೆ ವಾಪಸ್ ಬಂದ ಮೇಲೆ ಲೈಬ್ರರಿಯಲ್ಲಿ ಕೂತು, ಸಿವಿಲ್ ವಿಭಾಗದ ಸೀನಿಯರ್ ಒಬ್ಬರ ತಲೆ ತಿಂದು, ಆಗಿದ್ದೇನು ಅಂತ ಜೋಡಿಸಿಕೊಂಡೆವು.

ಮೊದಲು ನಮ್ಮನ್ನು ಗೊಂದಲ ಮಾಡಿದ ವಿಷಯ: ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ. 30 ಡಿಗ್ರಿಯ ಸಿಹಿನೀರಿನಲ್ಲಿ ಲೀಟರಿಗೆ ಹೆಚ್ಚೆಂದರೆ ಸುಮಾರು 7.6 ಮಿಲಿಗ್ರಾಂ ಹಿಡಿದರೆ, 20 ಡಿಗ್ರಿಯಲ್ಲಿ ಸುಮಾರು 9.1 ಹಿಡಿಯುತ್ತದೆ. ಹಾಗಾದರೆ ಚಳಿಗಾಲದಲ್ಲಿ ಮೀನು ಚೆನ್ನಾಗಿರಬೇಕಲ್ಲ? ಚೆನ್ನಾಗಿಯೇ ಇರುತ್ತವೆ, ತಳ ಚೊಕ್ಕವಿದ್ದರೆ. ಹಗಲು ಬಿಸಿಲಿಗೆ ಮೇಲಿನ ನೀರು ಬೆಚ್ಚಗಾಗಿ ಹಗುರವಾಗುತ್ತದೆ, ಮೇಲೆಯೇ ನಿಲ್ಲುತ್ತದೆ. ತಳದ ನೀರಿಗೆ ಗಾಳಿಯ ಸಂಪರ್ಕವಿಲ್ಲ. ಅಲ್ಲಿ ಕೊಳೆಯುವ ಎಲೆ ಇದ್ದಬದ್ದ ಆಮ್ಲಜನಕವನ್ನೆಲ್ಲ ತಿಂದು ಮುಗಿಸುತ್ತದೆ. ಆಮೇಲೆ ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳ ಆಟ. ಕೊಳೆತ ಮೊಟ್ಟೆಯ ವಾಸನೆ ಅಂದೆವಲ್ಲ, ಅದು ಹೈಡ್ರೋಜನ್ ಸಲ್ಫೈಡ್. ಮೀನಿಗೆ ವಿಷ. ಚಳಿಯ ರಾತ್ರಿ ಮೇಲಿನ ನೀರು ತಣ್ಣಗಾಗಿ ಭಾರವಾಗಿ ಕೆಳಗಿಳಿಯುತ್ತದೆ, ತಳದ ನೀರು ಮೇಲೇಳುತ್ತದೆ. ದಿನಾ ಸ್ವಲ್ಪ ಸ್ವಲ್ಪ ಹೀಗಾದರೆ ಕೆರೆಗೆ ಅದು ಒಳ್ಳೆಯದೇ. ಆದರೆ ಎರಡು ವರ್ಷದ ಕೊಳೆಯನ್ನು ನಾವು ಒಂದೇ ಸಂಜೆ ಕಲಕಿ ನೀರಿಗೆ ಬಿಟ್ಟಿದ್ದೆವು. ಹಗಲಲ್ಲಿ ಆಮ್ಲಜನಕ ಕೊಡುವ ಗಿಡಗಳನ್ನು ಹಿಂದಿನ ದಿನವೇ ಕಿತ್ತಿದ್ದೆವು. ರಾತ್ರಿಯಿಡೀ ಎಲ್ಲ ಜೀವಿಗಳೂ ಉಸಿರಾಡಿ, ಆಮ್ಲಜನಕ ಅತಿ ಕಡಿಮೆ ಇರುವ ಹೊತ್ತು ಬೆಳಗಿನ ಜಾವ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಹಿಮದ ದೇಶದ ಸಲಹೆಯ ತರ್ಕವೂ ಆಗ ಅರ್ಥವಾಯಿತು. ನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣಗಾದರೆ ಮತ್ತೆ ಹಗುರ. ಹಾಗಾಗಿ ಅಲ್ಲಿ ಮಂಜುಗಡ್ಡೆ ಮೇಲೆ ಕಟ್ಟುತ್ತದೆ, ಮೀನು ತಳದ 4 ಡಿಗ್ರಿ ನೀರಿನಲ್ಲಿ ಅಲ್ಲಾಡದೆ ತಿಂಗಳುಗಟ್ಟಲೆ ಕಳೆಯುತ್ತದೆ. ಆ ಚಳಿಗೆ ಗಿಡಗಳೂ ಸೊರಗುತ್ತವೆ, ಅದಕ್ಕೇ ಮೊದಲೇ ಕತ್ತರಿಸಿ ತೆಗೆಯುವುದು. ನಮ್ಮ ಕೆರೆಯಲ್ಲಿ ಗಿಡವೂ ಮಲಗುವುದಿಲ್ಲ, ಮೀನೂ ಮಲಗುವುದಿಲ್ಲ, ಕೊಳೆಯುವುದೂ ನಿಲ್ಲುವುದಿಲ್ಲ. ಅವರ ಚಳಿಗಾಲ ಕೆರೆಯನ್ನು ಮುಚ್ಚಿಡುವ ಕಾಲ. ನಮ್ಮದು ಕೆರೆಯ ಜೊತೆ ದಿನಾ ಇರಬೇಕಾದ ಕಾಲ.

ಅಜ್ಜ ವರ್ಷಕ್ಕೊಂದೇ ಮೂಲೆ ತೆಗೆಯುತ್ತಿದ್ದದ್ದು ವಯಸ್ಸಿನ ಕಾರಣಕ್ಕಲ್ಲ ಅಂತ ಈಗ ಅನ್ನಿಸುತ್ತದೆ. ಅಥವಾ ವಯಸ್ಸಿನ ಕಾರಣಕ್ಕೇ ಇರಬಹುದು, ಅದರಿಂದ ಮೀನು ಬದುಕಿದ್ದು ಬೋನಸ್ಸು ಇರಬಹುದು. ಅವರನ್ನು ಇನ್ನು ಕೇಳುವ ಹಾಗಿಲ್ಲ.

ಮೀನು ಸತ್ತ ವಾರವೇ ಅಪ್ಪ ಮಾತು ತೆಗೆದರು. ಕೆರೆ ಮುಚ್ಚಿಸೋಣ. ಮಣ್ಣು ತುಂಬಿಸಿದರೆ ಎರಡು ರೂಮು ಕಟ್ಟಬಹುದು, ಇಲ್ಲ ಅಂದರೆ ಗಾಡಿ ನಿಲ್ಲಿಸಲು ಜಾಗ ಮಾಡಬಹುದು. ಮುರ್ಡೇಶ್ವರಕ್ಕೆ ಬರುವ ಜನ ಕಡಿಮೆಯಾಗುವುದಿಲ್ಲ, ನಾಳೆ ನಿಮ್ಮ ಫೀಸಿಗೂ ಆಗುತ್ತದೆ. ಅಪ್ಪನ ಮಾತಿನಲ್ಲಿ ದುರಾಸೆ ಇರಲಿಲ್ಲ, ಲೆಕ್ಕ ಇತ್ತು. "ನೀವು ಮೂರೂ ಜನ ಓದಿ ಬೆಂಗಳೂರಿಗೆ ಹೋಗೋರು. ಕೆರೆ ನೋಡೋದು ಯಾರು?" ಅಂದರು. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ಈಗಲೂ ಪೂರ್ತಿ ಇಲ್ಲ.

ಆದರೆ ಲೆಕ್ಕಕ್ಕೆ ಲೆಕ್ಕ ಕೊಡಬಹುದಲ್ಲ? 40, 30, 8 ಗುಣಿಸಿದರೆ 9,600 ಘನ ಅಡಿ. ಅಂದರೆ ಸುಮಾರು 2.7 ಲಕ್ಷ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಆದರೆ 45 ಟ್ಯಾಂಕರ್ ನೀರು ನಮ್ಮ ಹಿತ್ತಲಲ್ಲಿ ಪುಕ್ಕಟೆ ನಿಂತಿದೆ. ಅದು ಬರೀ ನಿಂತಿಲ್ಲ. ಚಿರೇಕಲ್ಲು ತೂತು ತೂತಿನ ಕಲ್ಲು, ನೀರು ಅದರೊಳಗೆ ಇಳಿದು ಬಾವಿಗೆ ಹೋಗುತ್ತದೆ. ಕೆರೆ ಇಳಿದ ಹಾಗೆ ಬಾವಿ ಇಳಿಯುವುದನ್ನು ಆಯಿ ಕೊಡ ಎತ್ತುವ ಹಗ್ಗದ ಅಳತೆಯಲ್ಲೇ ಹೇಳುತ್ತಾರೆ.

ಸಮುದ್ರ ನಮ್ಮ ಮನೆಯಿಂದ ಒಂದು ಕಿಲೋಮೀಟರೂ ಇಲ್ಲ. ಕರಾವಳಿಯ ನೆಲದಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರದ ನೀರಿನ ಸಾಂದ್ರತೆ ಸಿಹಿನೀರಿಗಿಂತ ಶೇ. 2.5ರಷ್ಟು ಹೆಚ್ಚು, ಅಷ್ಟೇ ವ್ಯತ್ಯಾಸ. ಗೈಬನ್–ಹರ್ಜ್‌ಬರ್ಗ್ ಸೂತ್ರ ಅಂತ ಒಂದಿದೆ. ಅದರ ಪ್ರಕಾರ ನೆಲದಡಿಯ ಸಿಹಿನೀರು ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ, ಸಮುದ್ರಮಟ್ಟದ ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿನೀರೇ ಇರುತ್ತದೆ. ಇದನ್ನೇ ತಿರುಗಿಸಿ ಓದಿ: ಮೇಲೆ ಒಂದು ಅಡಿ ಕಳೆದುಕೊಂಡರೆ, ಕೆಳಗೆ ಉಪ್ಪುನೀರು ನಿಧಾನಕ್ಕೆ 40 ಅಡಿ ಏರಿ ಬರಬಹುದು. ಇದು ಸೂತ್ರ, ನೆಲದೊಳಗಿನ ಬಂಡೆ ಮಣ್ಣು ನೋಡಿ ಹೆಚ್ಚುಕಮ್ಮಿ ಆಗುತ್ತದೆ. ಆದರೂ ಇದನ್ನು ಹಾಳೆಯ ಮೇಲೆ ಚಿತ್ರ ಬರೆದು ಅಪ್ಪನಿಗೆ ತೋರಿಸಿದೆವು. ಅಪ್ಪ ಬಹಳ ಹೊತ್ತು ನೋಡಿದರು. "ಹಾಗಾದ್ರೆ ಒಂದು ವರ್ಷ ನೋಡಿಕೊಳ್ಳಿ. ಆಮೇಲೆ ನೋಡೋಣ" ಅಂದರು.

ಆ ಒಂದು ವರ್ಷವೇ ಈಗ ನಡೆಯುತ್ತಿರುವುದು.

ಈ ಸಲ ತುಳಸಿ ಮದುವೆ ಮುಗಿದ ಮೇಲೆ, ಇನ್ನೂ ನಾಲ್ಕು ದಿನ ಆಕಾಶ ನೋಡಿ, ಕೋಡಿ ಕಟ್ಟಿದೆವು. ಮೊದಲ ಸಲ ಮೆತ್ತಿದ ಮಣ್ಣು ಸೋರಿತು. ಅಜ್ಜಿ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತು, "ಮಡ್ಲು ಅಡ್ಡ ಹಾಕಿ, ಉದ್ದಕ್ಕಲ್ಲ" ಅಂತ ಹೇಳಿಕೊಟ್ಟರು. ಹೂಳು ಈಶಾನ್ಯದ ಮೂಲೆಯಲ್ಲಿ ಮಾತ್ರ, ದಿನಕ್ಕೆ ಹತ್ತು ಹೆಡಿಗೆ. ಅದೂ ಬಿಸಿಲೇರಿದ ಮೇಲೆ ಶುರುಮಾಡಿ ಮಧ್ಯಾಹ್ನಕ್ಕೆ ನಿಲ್ಲಿಸುವುದು, ರಾತ್ರಿಯೊಳಗೆ ನೀರು ತಿಳಿಯಾಗಲು ಹೊತ್ತು ಸಿಗಲಿ ಅಂತ. ನೈದಿಲೆ ಮತ್ತೆ ನೆಟ್ಟಿದ್ದೇವೆ. ಅದು ಕೆರೆಯ ಮೂರನೇ ಒಂದು ಭಾಗ ದಾಟದ ಹಾಗೆ ಕೀಳುತ್ತೇವೆ, ಪೂರ್ತಿ ಕೀಳುವುದಿಲ್ಲ. ಉಳಿದ ಮೀನಿಗೆ ತೌಡು ಹಾಕುವುದು ಬಿಸಿಲು ಬಂದ ಮೇಲೆ, ಅವು ಹತ್ತು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಉಳಿದ ತಿಂಡಿಯೂ ಕೊಳೆಯುವ ಎಲೆಯ ಲೆಕ್ಕವೇ.

ಅಕ್ವೇರಿಯಂ ಅಂಗಡಿಯಿಂದ ಎರಡು ಥರ್ಮಾಮೀಟರ್ ತಂದು, ಒಂದನ್ನು ಮೇಲೆ, ಒಂದನ್ನು ಕಲ್ಲು ಕಟ್ಟಿ ತಳಕ್ಕೆ ಇಳಿಸಿದೆವು. ಜನವರಿಯ ಒಂದು ಮಧ್ಯಾಹ್ನ ಮೇಲೆ 29, ತಳದಲ್ಲಿ 26. ಮರುದಿನ ಬೆಳಿಗ್ಗೆ ಆರಕ್ಕೆ ಎರಡರಲ್ಲೂ 25. ಅಡಿ ನೀರು ಮೇಲೆ ಬಂದಿತ್ತು. ಮೀನು ಒಂದೂ ಬಾಯಿ ತೆರೆಯಲಿಲ್ಲ. ಆ ಬೆಳಿಗ್ಗೆ ನಮಗಾದ ಖುಷಿ ಯಾವ ಸೆಮ್ ರಿಸಲ್ಟಿಗೂ ಆಗಿರಲಿಲ್ಲ.

ದಿನಾ ಎಲೆ ತೆಗೆಯುವ ಪಾಳಿ ತಂಗಿ, ತಮ್ಮನದ್ದು. ನಮ್ಮಲ್ಲಿ ಹಾಸ್ಟೆಲ್‌ನಲ್ಲಿರುವವರ ಪಾಳಿ ತಿಂಗಳಿಗೊಂದು ಶನಿವಾರ, ಭಾನುವಾರ. ಉಳಿದ ದಿನ ವಾಟ್ಸಾಪ್‌ನಲ್ಲಿ ಮೆಟ್ಟಿಲಿನ ಫೋಟೋ ಬರುತ್ತದೆ. ಪ್ರತಿ ಭಾನುವಾರ ನೀರಿನ ಮಟ್ಟಕ್ಕೆ ಮೆಟ್ಟಿಲ ಗೋಡೆಯ ಮೇಲೆ ಬಿಳಿ ಬಣ್ಣದ ಗೆರೆ ಎಳೆಯುತ್ತಾರೆ. ಗೆರೆಗಳ ನಡುವಿನ ಅಂತರ ಡಿಸೆಂಬರಿನಲ್ಲಿ ಕಿರಿದು, ಈಗ ಬಿಸಿಲು ಬಲಿತ ಹಾಗೆ ಅಗಲವಾಗುತ್ತಿದೆ.

ನಾವು ಎಂಜಿನಿಯರಿಂಗ್ ಮಕ್ಕಳು ಸಬ್ಮಿಷನ್ ಹಿಂದಿನ ರಾತ್ರಿ ಬದುಕುವವರು. ಇಡೀ ಸೆಮ್ ಪಾಠವನ್ನು ಒಂದು ರಾತ್ರಿಯಲ್ಲಿ ಕಲಕಿ, ಬೆಳಿಗ್ಗೆ ಪರೀಕ್ಷೆ ಬರೆದು, ಮಧ್ಯಾಹ್ನ ಮರೆಯುತ್ತೇವೆ. ಪಾಸಾಗಿಯೂ ಬಿಡುತ್ತೇವೆ. ಆ ಡಿಸೆಂಬರಿನಲ್ಲಿ ಕೆರೆಯನ್ನೂ ಹಾಗೇ ಮುಗಿಸಲು ಹೋಗಿದ್ದೆವು. ಕೆರೆ ಪಾಸು ಮಾಡಲಿಲ್ಲ. ಅದಕ್ಕೆ ನಾಲ್ಕು ದಿನದ ರಜೆ ಬೇಡ, ದಿನಕ್ಕೆ ಕಾಲು ಗಂಟೆ ಸಾಕು. ಆದರೆ ಆ ಕಾಲು ಗಂಟೆ ದಿನಾ ಬೇಕು.

ಅಪ್ಪನ ಪ್ರಶ್ನೆ ಹಾಗೇ ಇದೆ. ತಂಗಿ ಮುಂದಿನ ವರ್ಷ ಡಿಗ್ರಿಗೆ ಹೊರಗೆ ಹೋಗುತ್ತಾಳೆ, ತಮ್ಮನದ್ದು ಇನ್ನು ಮೂರು ವರ್ಷ. ಆಮೇಲೆ? ಗೊತ್ತಿಲ್ಲ. ಸದ್ಯಕ್ಕೆ ಗೊತ್ತಿರುವುದು ಇಷ್ಟು: ಎರಡು ವರ್ಷದ ಹಿಂದೆ ಇದೇ ಹೊತ್ತಿಗೆ ನೀರು ಐದನೇ ಮೆಟ್ಟಿಲಿಗೆ ಇಳಿದಿತ್ತು ಅನ್ನುತ್ತಾರೆ ಅಜ್ಜಿ. ಈ ಭಾನುವಾರದ ಗೆರೆ ನಾಲ್ಕನೇ ಮೆಟ್ಟಿಲ ಮೇಲಿದೆ. ಫೋಟೋದಲ್ಲಿ ಗೆರೆಯ ಪಕ್ಕ ಒಂದು ದೊಡ್ಡ ಕಾಲಿನ ಒದ್ದೆ ಗುರುತು ಕಾಣುತ್ತಿತ್ತು. ತಮ್ಮನದ್ದಲ್ಲ. ಕೇಳಿದರೆ, ಆ ದಿನ ಎಲೆ ತೆಗೆದದ್ದು ಅಪ್ಪ ಅಂತೆ.